ಹುದುಗಿನ ಲೆಕ್ಕ

ಅತ್ತಿಬೆಲೆ ದಾಟಿದೊಡನೆ ಎದುರಾಗುವ ಜೂಜುವಾಡಿಯ ನಿವಾಸಿಗಳಾದ ನಮಗೆ ಹುದುಗು ಹೊಸತಲ್ಲ. ದೋಸೆಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಉಬ್ಬುವುದನ್ನು ನೋಡುತ್ತಲೇ ಬೆಳೆದವರು ನಾವು. ಹುದುಗೆಬ್ಬಿಸುವ ಜೀವಿಗಳನ್ನು ಕಣ್ಣಾರೆ ಕಂಡು ಎಣಿಸಬೇಕೆಂಬ ಆಸೆ ಮಾತ್ರ ನಮ್ಮ ಮಕ್ಕಳಿಂದ ಬಂದಿತು.

ವಿದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಯೀಸ್ಟ್ ಕೋಶಗಳನ್ನು ಎಣಿಸಿ ಬಳಸುವುದುಂಟು. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದರೆ ಬ್ರೆಡ್ಡಿನ ಯೀಸ್ಟೂ ಅದೇ ಸ್ಯಾಕರೊಮೈಸಿಸ್ ಸೆರೆವಿಸಿಯೆ. ಬೆಚ್ಚನೆಯ ಬೆಲ್ಲದ ನೀರಿನಲ್ಲಿ ಅರ್ಧ ಗಂಟೆ ನೆನೆದ ಯೀಸ್ಟೇ ನಮಗೆ ಸಾಕಾಯಿತು.

ಸೂಕ್ಷ್ಮದರ್ಶಕವನ್ನು ಆರಿಸುವಾಗ 2000 ಪಟ್ಟು ಹಿಗ್ಗಿಸುವುದೆಂಬ ಜಾಹೀರಾತುಗಳಿಗೆ ನಾವು ಮನಸೋಲಲಿಲ್ಲ. ಯೀಸ್ಟ್ ಕೋಶದ ಅಗಲ ಸುಮಾರು 5ರಿಂದ 10 ಮೈಕ್ರೊಮೀಟರ್; 10ರ ಕಣ್ಮಸೂರ, 40ರ ವಸ್ತುಮಸೂರ ಸೇರಿ ದೊರೆಯುವ 400 ಪಟ್ಟು ಧಾರಾಳ. ಗಾಜನ್ನು ತಿರುಪಿನಿಂದ ಮೆಲ್ಲನೆ ಸರಿಸುವ ಪೀಠವೂ ಬೆಳಕನ್ನು ತಗ್ಗಿಸುವ ವ್ಯವಸ್ಥೆಯೂ ಅದಕ್ಕಿಂತ ಮುಖ್ಯ. ಬೆಳಕು ಹೆಚ್ಚಾದರೆ ಪಾರದರ್ಶಕವಾದ ಕೋಶಗಳು ಕಾಣದೆ ಹೋಗುತ್ತವೆ.

ಎಣಿಸಲು ರಕ್ತಕಣಗಳನ್ನೆಣಿಸುವ ನ್ಯೂಬವರ್ ಗಾಜುಪಟ್ಟಿ ಬೇಕು. ಅದರ ನಡುವಿನ 1 ಚದರ ಮಿಲಿಮೀಟರ್ ಜಾಗದಲ್ಲಿ 25 ಚೌಕಗಳಿವೆ, ಆಳ 0.1 ಮಿಲಿಮೀಟರ್. ಅದರದೇ ದಪ್ಪನೆಯ ಮುಚ್ಚುಗಾಜನ್ನು ಹಾಕದಿದ್ದರೆ ಈ ಆಳ ತಪ್ಪುತ್ತದೆ. ನಾಲ್ಕು ಮೂಲೆ ಮತ್ತು ನಡುವಿನ ಚೌಕಗಳಲ್ಲಿ ಒಟ್ಟು 80 ಕೋಶಗಳಿದ್ದರೆ 25 ಚೌಕಗಳಿಗೆ 400. ಅದನ್ನು 10,000ದಿಂದ ಗುಣಿಸಿದರೆ ಮಿಲಿಲೀಟರಿಗೆ 40 ಲಕ್ಷ. ಮೊದಲೇ ನೂರು ಪಟ್ಟು ತೆಳುಮಾಡಿದ್ದರೆ ಮೂಲದ ನೀರಿನಲ್ಲಿ 40 ಕೋಟಿ. ಮೆಥಿಲೀನ್ ಬ್ಲೂ ಬೆರೆಸಿದರೆ ಸತ್ತವು ನೀಲಿಯಾಗುತ್ತವೆ, ಬದುಕಿರುವವು ಬಣ್ಣವಿಲ್ಲದೆ ಉಳಿಯುತ್ತವೆ.

ಕೋಶದ ಮಗ್ಗುಲಲ್ಲಿ ಮೂಡಿದ ಪುಟ್ಟ ಗುಳ್ಳೆಯನ್ನೂ ಎಣಿಸಬೇಕೆ ಎಂಬ ಪ್ರಶ್ನೆ ಎದ್ದಿತು. ಅದು ತಾಯಿಯ ಅರ್ಧದಷ್ಟಾದರೂ ಬೆಳೆದ ಮೇಲೆಯೇ ಬೇರೆಯೆಂದು ಎಣಿಸುವುದು ರೂಢಿ. ಶಾಲೆಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುವ ನಮ್ಮ ಮಕ್ಕಳು ಅದಕ್ಕೆ ತಾವಾಗಿಯೇ ‘ಕೂಸು’ ಎಂದು ಹೆಸರಿಟ್ಟು, ಪುಸ್ತಕದಲ್ಲಿ ‘ತಾಯಿ’, ‘ಕೂಸು’ ಎಂದು ಎರಡು ಕಲಂ ಎಳೆದರು. ಮನೆಯ ಮಾತು ಅಡುಗೆಮನೆಗಷ್ಟೇ ಸಾಕೆಂಬ ನಂಬಿಕೆ ಗಡಿನಾಡಿನಲ್ಲಿ ಬಲಿಯುತ್ತಿರುವಾಗ, ಆ ಎರಡು ಕಲಂಗಳು ನಮಗೆ ದೊಡ್ಡ ಸಮಾಧಾನ ತಂದವು. ನಮ್ಮ ಸಂಘಗಳ ಪುಸ್ತಕದ ಕಪಾಟಿನಲ್ಲಿ ನಿಘಂಟಿನ ಪಕ್ಕ ಇಂಥದೊಂದು ಸೂಕ್ಷ್ಮದರ್ಶಕವೂ ಇರಲಿ ಎಂಬುದು ನಮ್ಮ ವಿನಂತಿ.