ಐಸ್‌ಲೆಂಡಿನ ಇರುಳ ಹಾಡು

ಅರುವತ್ತರ ಮೇಲೆ ನಿದ್ರೆಯೆಂಬುದು ಕರೆದೊಡನೆ ಬರುವ ನೆಂಟನಲ್ಲ. ಕಳೆದ ಮಾಗಿಯ ಒಂದು ರಾತ್ರಿ ನಾನು ಹೊರಳಾಡುತ್ತಿದ್ದುದನ್ನು ಕಂಡು ನನ್ನ ಕಿರಿಯ ಮಗಳು ತನ್ನ ಮೊಬೈಲಿನಲ್ಲಿ ಒಂದು ಹಾಡನ್ನು ಹಚ್ಚಿ, "ಅಪ್ಪಾ, ಇದನ್ನು ಕೇಳಿ, ಕನಸು ಕಂಡ ಹಾಗಿರುತ್ತೆ" ಎಂದಳು.

ಅದು ಐಸ್‌ಲೆಂಡ್ ದ್ವೀಪದ ಜಾನಪದ ಗೀತವು. ಇಬ್ಬರು ಹಾಡುತ್ತಿದ್ದರು. ಒಬ್ಬನ ಷಡ್ಜಕ್ಕೆ ಮತ್ತೊಬ್ಬನ ಪಂಚಮವು ನೆರಳಿನಂತೆ ಹೊಂದಿಕೊಂಡು ಬರುತ್ತಿದ್ದಿತು. ನಡುವೆ ದನಿಗಳು ಒಂದನ್ನೊಂದು ದಾಟಿ, ಕೆಳಗಿನದು ಮೇಲಾಯಿತು, ಮೇಲಿನದು ಕೆಳಗಾಯಿತು. ಇದಕ್ಕೆ ಅವರು 'ತ್ವಿಸೌಂಗುರ್' ಎನ್ನುವರು. ಈ 'ತ್ವಿ' ಎಂಬುದು ನಮ್ಮ 'ದ್ವಿ' ಶಬ್ದದ ದಾಯಾದಿಯೇ ಸರಿ. ಇಂಥ ಹಾಡುಗಳಲ್ಲಿ ಅನೇಕವು ಪ್ರತಿಮಧ್ಯಮವುಳ್ಳವು. ಕಲ್ಯಾಣಿಯ ಸ್ವರಗಳೇ ಗಮಕವನ್ನೆಲ್ಲ ಕಳಚಿಟ್ಟು ಹಿಮದ ಮೇಲೆ ನಡೆದಂತೆ ನನಗೆ ತೋರಿತು.

ಆದರೆ ವಿಚಾರಿಸಿ ನೋಡಲಾಗಿ, ಆ ನಾಡಿನ ಹಾಡು ಬೆಳೆದುದು ಕನಸಿನಲ್ಲಲ್ಲ, ಎಚ್ಚರದಲ್ಲಿ ಎಂದು ತಿಳಿಯಿತು. ನಡುಚಳಿಗಾಲದಲ್ಲಿ ಅಲ್ಲಿ ಹಗಲು ಮೂರು ನಾಲ್ಕು ಗಂಟೆ ಮಾತ್ರ. ಹುಲ್ಲುಹೆಂಟೆಗಳಿಂದ ಕಟ್ಟಿದ ಮನೆಯ ಒಂದೇ ಕೋಣೆಯಲ್ಲಿ ಎಲ್ಲರೂ ಕುಳಿತು ಉಣ್ಣೆ ಹಿಂಜುತ್ತಿದ್ದರು, ನೂಲುತ್ತಿದ್ದರು, ಹೆಣೆಯುತ್ತಿದ್ದರು. ಒಬ್ಬನು ಪೂರ್ವಕಥೆಗಳನ್ನು ಓದುತ್ತಿದ್ದನು, ಇಲ್ಲವೆ 'ರೀಮುರ್' ಎಂಬ ಕಥನಕಾವ್ಯವನ್ನು ರಾಗವಾಗಿ ಹೇಳುತ್ತಿದ್ದನು. ನಮ್ಮ ಕಾವ್ಯಗಳಿಗೆ ಪ್ರಾಸವಿದ್ದಂತೆ ಅದಕ್ಕೂ ಅಕ್ಷರನಿಯಮವುಂಟು. ಹದಿನಾಲ್ಕನೆಯ ಶತಮಾನದಿಂದ ಬಂದ ಕಾವ್ಯವದು. ಈ ಕೂಟಕ್ಕೆ 'ಕ್ವಲ್ಡ್‌ವಾಕಾ' ಎಂದು ಹೆಸರು; ಸಂಜೆಯ ಜಾಗರವೆಂದೇ ಅದರ ಅರ್ಥವು.

ಇದನ್ನು ತಿಳಿದಾಗ ನನಗೆ ತಾಯಿಯ ನೆನಪಾಯಿತು. ರಾತ್ರಿಯ ಊಟವಾದ ಮೇಲೆ ಹೂಬತ್ತಿ ಹೊಸೆಯುತ್ತ ಆಕೆ ಜೈಮಿನಿ ಭಾರತವನ್ನು ಹಾಡುತ್ತಿದ್ದಳು. ಸಂಸ್ಕೃತ ಪಾಠಶಾಲೆಯಿಂದ ಬಂದ ಹೊಸತರಲ್ಲಿ ನಾನು, "ಅಮ್ಮಾ, ಈ ರಾಗ ಯಾವ ಲಕ್ಷಣಕ್ಕೂ ಹೊಂದುವುದಿಲ್ಲ" ಎಂದೆನು. ಆಕೆ ನಕ್ಕು ಸುಮ್ಮನಾದಳು. ಮತ್ತೆಂದೂ ನನ್ನೆದುರಿಗೆ ಹಾಡಲಿಲ್ಲ.

ಪಂಡಿತರ ಈ ದೋಷವು ಅಲ್ಲಿಯೂ ಇದ್ದಿತು. 1837ರಲ್ಲಿ ಯೋನಾಸ್ ಹಾಲ್‌ಗ್ರಿಮ್‌ಸನ್ ಎಂಬ ಮಹಾಕವಿಯೇ ರೀಮುರ್ ರಚನೆಯನ್ನು ಕಟುವಾಗಿ ಖಂಡಿಸಿದನು. ಆದರೆ ಉತ್ತರ ತೀರದ ಸಿಗ್ಲುಫ್ಯೋರ್ಡುರಿನ ಪಾದ್ರಿ ಬ್ಯಾರ್ನಿ ಥೋರ್‌ಸ್ಟೈನ್‌ಸನ್ ಎಂಬಾತನು, ಓದಿದವರು ಒರಟೆಂದು ಬಿಟ್ಟ ಹಾಡುಗಳನ್ನು ಅನೇಕ ವರ್ಷ ಕೂಡಿಹಾಕಿ, ಸ್ವರಸಹಿತ ಬರೆದು, 1906ರಿಂದ 1909ರವರೆಗೆ ಅಚ್ಚು ಹಾಕಿಸಿದನು. 1929ರಲ್ಲಿ ರೇಕ್ಯಾವಿಕ್ ಪಟ್ಟಣದಲ್ಲಿ ರೀಮುರ್ ಹಾಡುವವರ ಸಂಘವೊಂದು ಹುಟ್ಟಿತು.

ನನ್ನ ಕಪಾಟಿನಲ್ಲಿ ಜೈಮಿನಿ ಭಾರತದ ಪುಸ್ತಕವಿದೆ, ಅಕ್ಷರವೊಂದೂ ಕೆಟ್ಟಿಲ್ಲ. ತಾಯಿಯ ರಾಗವು ಮಾತ್ರ ಆಕೆಯೊಡನೆಯೇ ಹೋಯಿತು. ವಾಚಕರೇ, ನಿಮ್ಮ ಮನೆಯಲ್ಲಿ ಹಾಡುವ ಹಿರಿಯರು ಇನ್ನೂ ಇದ್ದರೆ ಅವರನ್ನು ತಿದ್ದಹೋಗಬೇಡಿರಿ. ಒಂದು ರಾತ್ರಿ ನಿದ್ರೆಗೆಟ್ಟಾದರೂ ಪಕ್ಕದಲ್ಲಿ ಕುಳಿತು ಕೇಳಿರಿ.