ಎರಡನೇ ಗೇರು

ಹಳೇ ಜೀಪು ನೋಡಲು ಹೋದರೆ ಮೊದಲು ಬಾನೆಟ್ ಮುಟ್ಟಿ ನೋಡಬೇಕು ಎಂದು ನನಗೆ ಹೇಳಿಕೊಟ್ಟವರು ನಮ್ಮ ಮೂಡಿಗೆರೆ ಕಡೆಯ ಮೆಕ್ಯಾನಿಕ್. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿನ ಇಂಜಿನ್ ಮಾಡುವ ತಕರಾರು ಗೊತ್ತಾಗದಿರಲಿ ಎಂಬ ಉಪಾಯ ಅದು. ಅತ್ತಿಗುಂಡಿಯ ಆ ಶೆಡ್ಡಿನಲ್ಲಿ ನಿಂತಿದ್ದ ಜೀಪಿನ ಬಾನೆಟ್ ಫೆಬ್ರವರಿಯ ಬೆಳಗಿನ ಚಳಿಗೆ ಕಲ್ಲಿನಷ್ಟು ತಣ್ಣಗಿತ್ತು. ಮೇಲೆ ಕೋಳಿಗಳು ಕೂತ ಗುರುತು ಬೇರೆ. ಓಡಿಸುತ್ತಿದ್ದ ಯಜಮಾನರು ಹಿಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ತೀರಿಕೊಂಡಿದ್ದರು. ಎಂಟು ತಿಂಗಳಿಂದ ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ.

ನಮಗೆ ಜೀಪು ಬೇಕಾಗಿದ್ದು ಷೋಕಿಗಲ್ಲ. ಅಪ್ಪನ ತೋಟದ ಮೇಲಿನ ಭಾಗಕ್ಕೆ ಮಳೆಗಾಲದಲ್ಲಿ ಬೇರೆ ಯಾವ ಗಾಡಿಯೂ ಹತ್ತುವುದಿಲ್ಲ. ಹೊಸ ಥಾರ್ ಕೊಳ್ಳುವ ಶಕ್ತಿ ಇರಲಿಲ್ಲ. ಅತ್ತಿಗುಂಡಿಯಲ್ಲಿ ಜೀಪಿಗೆ ಬರವಿಲ್ಲ. ಬಾಬಾಬುಡನ್‌ಗಿರಿಗೆ ಹೋಗುವವರನ್ನು ಝರಿ ಫಾಲ್ಸಿನ ಕಲ್ಲು ದಾರಿಗೆ ಇಳಿಸುವ ಜೀಪುಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಆದರೆ ಪ್ರವಾಸಿಗರನ್ನು ಹೊತ್ತು ಸವೆದ ಜೀಪು ಬೇಡ, ತೋಟದ ಜೀಪೇ ಆಗಬೇಕು ಎಂದು ಮೆಕ್ಯಾನಿಕ್ ಹಟ ಹಿಡಿದಿದ್ದರು. ಇದು ಮಹೀಂದ್ರಾದ ಎಂಎಂ 540. 1994ರದ್ದು, ಪೂಜೋ ಡೀಸೆಲ್ ಇಂಜಿನ್ನಿನದು. ಮೀಟರು 43,210ಕ್ಕೆ ಸತ್ತು ನಿಂತಿತ್ತು. ಬೆಟ್ಟದ ಗಾಡಿಗೆ ಕಿಲೋಮೀಟರಿನ ಲೆಕ್ಕ ಹೇಗೂ ಸುಳ್ಳೇ. ಲೋ ಗೇರಿನಲ್ಲಿ ಒಂದು ಗಂಟೆ ಏದುಸಿರು ಬಿಟ್ಟು ಹತ್ತಿದರೂ ಮೀಟರಿಗೆ ಅದು ಬರೀ ಐದಾರು ಕಿಲೋಮೀಟರು.

ಮೆಕ್ಯಾನಿಕ್ ಗೋಣಿ ಹಾಸಿಕೊಂಡು ಜೀಪಿನಡಿ ತೂರಿ ಛಾಸಿಯನ್ನು ಸ್ಪ್ಯಾನರಿನಿಂದ ಬಡಿಯುತ್ತಾ ಹೋದರು. ಟಣ್ ಎಂದರೆ ಕಬ್ಬಿಣ. ದಬ್ ಎಂದರೆ ಮೇಲೆ ಬಣ್ಣ, ಒಳಗೆ ತುಕ್ಕು. ಕೆಸರು ಮೆತ್ತಿ ಒಣಗುವ ಮೂಲೆಗಳಲ್ಲಿ ಮಲೆನಾಡಿನ ಜೀಪು ಒಳಗಿಂದೊಳಗೇ ಕೊಳೆಯುತ್ತದೆ. ಇಂಜಿನ್ ಬಿಚ್ಚಿ ಕಟ್ಟಬಹುದು, ಛಾಸಿ ಹೋದರೆ ಗುಜರಿಯೇ ಗತಿ. ನಾನು ಉಸಿರು ಹಿಡಿದು ಕೇಳುತ್ತಿದ್ದೆ. ಈ ತುದಿಯಿಂದ ಆ ತುದಿಯವರೆಗೂ ಟಣ್ ಟಣ್.

ಪಕ್ಕದ ಮನೆಯ ಹುಡುಗ ಬ್ಯಾಟರಿ ತಂದುಕೊಟ್ಟ. ಮೂರನೇ ಸಲಕ್ಕೆ ಇಂಜಿನ್ ಎದ್ದಿತು. ಆಯಿಲ್ ಮುಚ್ಚಳ ತೆಗೆದಾಗ ಗುಕ್ ಗುಕ್ ಎಂದು ಹೊಗೆ ಬಂತು. 'ಬ್ಯಾಕ್ ಕಂಪ್ರೆಷನ್ ಇದೆ. ಇಂಜಿನ್ ಕೆಲ್ಸ ಉಂಟು' ಎಂದು ಮೆಕ್ಯಾನಿಕ್ ಗಟ್ಟಿಯಾಗಿಯೇ ಹೇಳಿದರು. ಆಮೇಲೆ ಅಂಗಳದ ಹಿಂದಿನ ಸಡಿಲ ಮಣ್ಣಿನ ಏರಿಗೆ ಹಾಕಿ ಫೋರ್ ವೀಲ್ ಲಿವರ್ ಎಳೆದರು. ನಾಲ್ಕು ಚಕ್ರವೂ ಮಣ್ಣು ಕಚ್ಚಿ ಹತ್ತಿದವು. ಇಳಿದು ಬಂದವರು ಏನೂ ಹೇಳಲಿಲ್ಲ, ನನ್ನ ಕಾಲಿಗೆ ಕಾಲು ತಾಗಿಸಿದರು. ತಪ್ಪನ್ನು ಗಟ್ಟಿಯಾಗಿ ಹೇಳುವುದು, ಒಳ್ಳೆಯದನ್ನು ಕಾಲಲ್ಲಿ ಹೇಳುವುದು. ವ್ಯಾಪಾರದ ಭಾಷೆ ಅದು.

ನನ್ನ ಲೆಕ್ಕ ಇಷ್ಟು. ಇಂಥ ಜೀಪಿಗೆ ಬೆಂಗಳೂರಿನ ಷೋಕಿದಾರರು 3.25 ಲಕ್ಷ ಕೊಡುವುದನ್ನು ಕಂಡಿದ್ದೆ. ಇಂಜಿನ್ನಿಗೆ 60,000, ಟಯರು-ಬ್ಯಾಟರಿಗೆ 30,000, ಕಾಗದಪತ್ರಕ್ಕೆ 5,000 ಕಳೆದರೆ 2.30 ಲಕ್ಷ. ಅದು ನ್ಯಾಯವಾದ ಬೆಲೆ.

ಅಕ್ಕ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. 'ಒಬ್ರು ಬಂದು ಒಂದು ಮುಕ್ಕಾಲು ಅಂದ್ರು. ಅಷ್ಟು ಸಿಕ್ಕಿದ್ರೆ ಸಾಕು ಸಾರ್. ಮಗಳ ನರ್ಸಿಂಗ್ ಫೀಸು ಕಟ್ಬೇಕು.'

ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ವ್ಯಾಪಾರವನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಹೆದರಿ ಕಡಿಮೆಯೇ ಕೇಳುತ್ತಾನೆ, ಒಳ್ಳೆಯ ಗಾಡಿಯವರು ಮಾರಲು ಬರುವುದೇ ಇಲ್ಲ. 2001ರಲ್ಲಿ ಅವರಿಗೆ ನೊಬೆಲ್ ಬರಲು ಈ ಬಗೆಯ ಕೆಲಸವೇ ಕಾರಣ. ಕಾಲೇಜಿನಲ್ಲಿ ಓದಿ ಬಾಯಿಪಾಠ ಮಾಡಿದ್ದೆ. ಅತ್ತಿಗುಂಡಿಯ ಆ ಜಗಲಿಯಲ್ಲಿ ಅದು ತಿರುಗುಮುರುಗಾಗಿತ್ತು. ಗೊತ್ತಿದ್ದವನು ಕೊಳ್ಳುವ ನಾನು.

ಆದರೂ ನಾನು ಚೌಕಾಸಿ ಮಾಡಿದೆ. ಏಕೆಂದು ಈಗಲೂ ಸರಿಯಾಗಿ ಹೇಳಲಾರೆ. ಬಾಯಿಗೆ ಅಭ್ಯಾಸ. 'ಇಂಜಿನ್ ಕೆಲ್ಸ ಇದೆಯಲ್ಲಕ್ಕಾ, ಒಂದು ಅರವತ್ತೈದು ಮಾಡ್ಕೊಳ್ಳಿ' ಎಂದೆ. ಅವರು ಸ್ವಲ್ಪ ಹೊತ್ತು ಅಂಗಳ ನೋಡಿ, ಆಗಲಿ ಎಂದರು. ಒಳಗೆ ಹೋಗಿ ಆರ್‌ಸಿ ತಂದರು. ಗಂಡ ಹೋದ ಮೇಲೆ ಆರ್‌ಟಿಓ ಕಚೇರಿಗೆ ಅಲೆದು, ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಟ್ಟುಕೊಂಡಿದ್ದರು. ಛಾಸಿ ನಂಬರು ತಾಳೆಯಾಯಿತು. ನಾನು ಬ್ಯಾಗಿನ ಜಿಪ್ ಎಳೆದೆ.

'ದುಡ್ಡು ತಗೊಳ್ಳೋ ಮುಂಚೆ ಒಂದು ಹೇಳ್ಬೇಕು ಸಾರ್. ಇಳಿಜಾರಲ್ಲಿ ಎರಡನೇ ಗೇರು ಹಾರುತ್ತೆ. ನಮ್ಮನೆಯವ್ರು ಲಿವರನ್ನ ಕೈಯಲ್ಲಿ ಒತ್ತಿ ಹಿಡ್ಕೊಂಡೇ ಇಳಿಸ್ತಿದ್ರು. ನಿಮಗೆ ಗೊತ್ತಿಲ್ದೆ ಕೈಮರದ ತಿರುವಲ್ಲಿ ಏನಾದ್ರೂ ಆದ್ರೆ... ಅದಕ್ಕೆ ಬೇಕಾದ್ರೆ ಇನ್ನೂ ಐದು ಸಾವಿರ ಕಮ್ಮಿ ಕೊಡಿ.'

ಮೆಕ್ಯಾನಿಕ್ ತಲೆ ಬಗ್ಗಿಸಿ ಲೋಟದ ತಳ ನೋಡುತ್ತಿದ್ದರು. ನಾವು ಬರೀ ಏರು ಹತ್ತಿಸಿ ನೋಡಿದ್ದೆವು. ಇಳಿಜಾರು ನೋಡಿರಲಿಲ್ಲ.

ನಾನು ಎರಡು ಲಕ್ಷ ಎಣಿಸಿ ಇಟ್ಟೆ. ಅವರು ಗಾಬರಿಯಾಗಿ ಹೆಚ್ಚಿನ ನೋಟು ಹಿಂದಕ್ಕೆ ಸರಿಸಿದರು. 'ಇಲ್ಲಕ್ಕಾ, ಛಾಸಿ ಚೆನ್ನಾಗಿದೆ, ಫೋರ್ ವೀಲ್ ಚೆನ್ನಾಗಿದೆ. ಅದನ್ನ ನಾನು ಹೇಳಿರ್ಲಿಲ್ಲ' ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಯಜಮಾನರು ಪ್ರತಿ ಮಳೆಗಾಲ ಮುಗಿದ ಮೇಲೆ ಅಡಿಯಲ್ಲಿ ಮಲಗಿ ಕೆಸರು ಕೆರೆದು ತೊಳೆಯುತ್ತಿದ್ದರೆಂದು ಮಾತ್ರ ಹೇಳಿದರು.

ಗೇರ್‌ಬಾಕ್ಸ್ ಬಿಚ್ಚಲು 15,000 ಎಂದು ಹಿಡಿದರೂ ನನ್ನದೇ ಲೆಕ್ಕದ ಪ್ರಕಾರ 2.15 ಲಕ್ಷ ಕೊಡಬೇಕಿತ್ತು. ಉಳಿದ ಹದಿನೈದು ಸಾವಿರ ಬ್ಯಾಗಿನಲ್ಲೇ ಇತ್ತು. ಮೆಕ್ಯಾನಿಕ್ಕಿನ ಕಮಿಷನ್ನು, ದಾರಿಯ ಡೀಸೆಲ್ಲು ಎಂದು ಏನೇನೋ ಹೇಳಿಕೊಂಡೆ.

ಕೈಮರದ ಕಡೆ ಇಳಿಯುವಾಗ ನಾನೇ ಓಡಿಸಿದೆ. ಮೊದಲ ತಿರುವಿನಲ್ಲೇ ಗೇರು ಹಾರಿತು. ಆಮೇಲೆ ಕೆಳಗಿನವರೆಗೂ ಎಡಗೈಯನ್ನು ಲಿವರಿನ ಮೇಲಿಂದ ತೆಗೆಯಲಿಲ್ಲ. ಅದರ ಗುಂಡು ಹಿಡಿ ಒಂದು ಪಕ್ಕ ಸವೆದು ನುಣುಪಾಗಿತ್ತು, ಸರಿಯಾಗಿ ಅಂಗೈ ಕೂರುವಷ್ಟು.