ಅಂಡಮಾನಿನ ಎಕ್ಸೆಲ್ ಶೀಟು

ಏಳನೇ ಸೆಮಿಸ್ಟರ್ ಪರೀಕ್ಷೆಗೆ ಇನ್ನೂ ಎರಡು ತಿಂಗಳಿರುವಾಗಲೇ ನಮ್ಮ ಹಾಸ್ಟೆಲ್ ರೂಮಿನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟು ತೆರೆದುಕೊಂಡಿತ್ತು. ಫೈಲಿನ ಹೆಸರು ‘ಅಂಡಮಾನ್ ಫೈನಲ್ ಫೈನಲ್ 2’. ಮೂರು ವರ್ಷ ಗೋವಾ, ಗೋವಾ ಅಂತ ಬಾಯಿ ಬಡಿದುಕೊಂಡು ಗೋಕರ್ಣ ದಾಟದ ಐದು ಜನ ನಾವು. ಈ ಸಲ ಮಾತ್ರ ಹೋಗೇ ಬಿಡಬೇಕು, ಸಮುದ್ರದ ಒಳಗೆ ಇಳಿದೇ ಬಿಡಬೇಕು ಅಂತ ಹಟ. ಶೀಟಿನಲ್ಲಿ ಟಿಕೆಟ್, ಬಟ್ಟೆ, ಔಷಧಿ, ಖರ್ಚು ಎಲ್ಲ ಸೇರಿ 43 ಸಾಲುಗಳಾದವು. ಹೋಗಿ ಬಂದೆವು. ಈಗ ಜೂನಿಯರ್‌ಗಳು ‘ಅಣ್ಣ, ಆ ಶೀಟ್ ಕಳಿಸಿ’ ಅಂತ ಕೇಳುತ್ತಲೇ ಇದ್ದಾರೆ. ಕಳಿಸುತ್ತೇವೆ. ಆದರೆ ಆ 43 ಸಾಲುಗಳಲ್ಲಿ ಇರಬೇಕಾದ ಒಂದು ಸಾಲು ಇರಲಿಲ್ಲ. ಅದಕ್ಕೇ ಮೊದಲು ಇದನ್ನು ಓದಿ.

ಯಾವಾಗ ಹೋಗಬೇಕು ಅನ್ನುವುದರಿಂದ ಶುರು ಮಾಡೋಣ. ಅಂಡಮಾನಿಗೆ ಎರಡೂ ಮಳೆಗಾಲ ತಟ್ಟುತ್ತದೆ, ನೈಋತ್ಯದ್ದೂ ಈಶಾನ್ಯದ್ದೂ. ನಾವು ಹೋದದ್ದು ಜನವರಿಯಲ್ಲಿ. ಸಮುದ್ರ ಸಾಕಷ್ಟು ಶಾಂತವಾಗಿತ್ತು, ಜನ ಮಾತ್ರ ಜಾತ್ರೆ. ವಿಮಾನ ಇಳಿಯುವುದು ಶ್ರೀ ವಿಜಯಪುರಂನಲ್ಲಿ. 2024ರ ತನಕ ಅದು ಪೋರ್ಟ್ ಬ್ಲೇರ್. ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ. ಅದು ಹಳೆಯ ಹ್ಯಾವ್‌ಲಾಕ್, 2018ರಲ್ಲಿ ಹೆಸರು ಬದಲಾಯಿತು, ಆದರೆ ಅಲ್ಲಿನವರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ಖಾಸಗಿ ಹಡಗಿನಲ್ಲಿ ಹೆಚ್ಚೂಕಮ್ಮಿ ಎರಡು ಗಂಟೆ ಪ್ರಯಾಣ. ಸೀಸನ್ನಿನಲ್ಲಿ ಟಿಕೆಟ್ ಬೇಗ ಖಾಲಿಯಾಗುತ್ತವೆ, ವಿಮಾನದ ಟಿಕೆಟ್ ಆದ ದಿನವೇ ಹಡಗಿನದ್ದೂ ಮಾಡಿಬಿಡಿ.

ಇನ್ನೊಂದು ತಮಾಷೆ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಸೂರ್ಯ ಅಲ್ಲಿ ಒಂದು ಗಂಟೆ ಮುಂಚೆ, ಗಡಿಯಾರ ಮಾತ್ರ ನಮ್ಮದೇ. ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಹಾಸ್ಟೆಲ್ ಅಭ್ಯಾಸದಂತೆ ಹತ್ತಕ್ಕೆ ಎದ್ದರೆ ಅರ್ಧ ದಿನ ಢಮಾರ್. ಮೊದಲ ದಿನ ನಾವು ಹಾಗೇ ಕಳೆದುಕೊಂಡೆವು.

ಶೀಟಿನ ಮೊದಲ ದೊಡ್ಡ ತಪ್ಪನ್ನು ಹಿಡಿದದ್ದು ಒಬ್ಬ ಸೀನಿಯರ್. ‘ಒಳ್ಳೇದನ್ನ ಕೊನೆಗೆ ಇಡೋಣ’ ಅಂತ ನಾವು ಡೈವಿಂಗನ್ನು ಕೊನೆಯ ದಿನಕ್ಕೆ ಹಾಕಿದ್ದೆವು. ಬೆಳಗ್ಗೆ 6ಕ್ಕೆ ಡೈವ್, 9ಕ್ಕೆ ಹಡಗು, ಮಧ್ಯಾಹ್ನ 2ಕ್ಕೆ ವಿಮಾನ. ನೋಡಿದವರೇ, ‘ನಿಮಗೇನು ತಲೆ ಕೆಟ್ಟಿದ್ಯಾ?’ ಅಂದರು. ನೀರಿನ ಒತ್ತಡದಲ್ಲಿ ಉಸಿರಾಡುವಾಗ ಹೆಚ್ಚು ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರಲ್ಲಿ ವಿಮಾನ ಹತ್ತಿದರೆ ಕ್ಯಾಬಿನ್ನಿನ ಕಡಿಮೆ ಒತ್ತಡದಲ್ಲಿ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಮೈಯೊಳಗೇ ಗುಳ್ಳೆ ಏಳಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಇಳಿದಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು ಅನ್ನುವುದು ಸಾಮಾನ್ಯ ನಿಯಮ. ಹಾಗಾಗಿ ಡೈವ್ ಮೊದಲು, ಬೀಚು ಕಾಡು ಆಮೇಲೆ. ಕೊನೆಯ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಿ. ಹವಾಮಾನ ಕೆಟ್ಟರೆ ಹಡಗು ನಿಲ್ಲಿಸುತ್ತಾರೆ. 2016ರ ಡಿಸೆಂಬರಿನಲ್ಲಿ ಹೀಗೇ ಹ್ಯಾವ್‌ಲಾಕಿನಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಕರೆತರಲು ನೌಕಾಪಡೆಯೇ ಹೋಗಬೇಕಾಯಿತು.

ಬ್ಯಾಗಿನ ವಿಷಯ ಚುಟುಕಾಗಿ. ಜೀನ್ಸ್ ಒಯ್ದವರು ಒದ್ದೆ ಜೀನ್ಸ್ ಹೊತ್ತು ಬಂದೆವು, ಒಣಗುವುದೇ ಇಲ್ಲ. ತುಂಬು ತೋಳಿನ ಈಜುಡುಗೆ ಒಯ್ಯಿರಿ, ಅರ್ಧ ಸನ್‌ಸ್ಕ್ರೀನ್ ಉಳಿಯುತ್ತದೆ. ಕೆಲವು ಸನ್‌ಸ್ಕ್ರೀನಿನಲ್ಲಿರುವ ಆಕ್ಸಿಬೆಂಝೋನ್ ಹವಳಕ್ಕೆ ಹಾನಿ ಅನ್ನುವ ಕಾರಣಕ್ಕೆ ಪಲಾವು ದೇಶ, ಅಮೆರಿಕದ ಹವಾಯಿ ರಾಜ್ಯ ಅದನ್ನು ನಿಷೇಧಿಸಿವೆ, ಕೊಳ್ಳುವಾಗ ಲೇಬಲ್ ಓದಿ. ಬೀಚಿನಲ್ಲಿ ಕಣ್ಣಿಗೇ ಕಾಣದ ಮರಳುನೊಣ ಕಚ್ಚುತ್ತದೆ. ಕೆರೆದರೆ ವಾರಗಟ್ಟಲೆ ಗುರುತು ಉಳಿಯುತ್ತದೆ, ಕೆರೆಯಬೇಡಿ. ಹಡಗಿನ ವಾಂತಿಗೆ ಮಾತ್ರೆ ಹತ್ತುವ ಮುಂಚೆಯೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಕೆಲವಕ್ಕೆ ನಿದ್ದೆ ಬರುತ್ತದೆ, ಡೈವ್ ದಿನಕ್ಕೆ ಯಾವುದು ಸರಿ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಕೈಯಲ್ಲಿ ನಗದು ಇರಲಿ, ನೆಟ್‌ವರ್ಕ್ ನಂಬಿ ಫೋನ್‌ಪೇ ಒಂದನ್ನೇ ಇಟ್ಟುಕೊಂಡು ಹೋಗಬೇಡಿ. ಇನ್ಶೂರೆನ್ಸ್ ಮಾಡಿಸಿದರೆ ಸ್ಕೂಬಾ ಅದರಲ್ಲಿ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ. ಮತ್ತೆ ಬರುವಾಗ ದಡದಲ್ಲಿ ಬಿದ್ದ ಸತ್ತ ಹವಳದ ಚೂರನ್ನೂ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಏರ್‌ಪೋರ್ಟಿನಲ್ಲಿ ಬ್ಯಾಗು ಬಿಚ್ಚಿಸುತ್ತಾರೆ.

ಮೊಸಳೆಯನ್ನು ಯಾರೂ ಶೀಟಿಗೆ ಹಾಕುವುದಿಲ್ಲ, ನಾವು ಹಾಕಿದ್ದೆವು. ಅಲ್ಲಿನದು ಉಪ್ಪುನೀರಿನ ಮೊಸಳೆ, ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ಹ್ಯಾವ್‌ಲಾಕಿನಲ್ಲೇ ಸ್ನಾರ್ಕ್ಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ಬೋರ್ಡು ಇದ್ದ ಕಡೆ, ಕಾಂಡ್ಲಾ ಕಾಡಿನ ತೊರೆ ಸಮುದ್ರ ಸೇರುವ ಕಡೆ, ಕತ್ತಲಾದ ಮೇಲೆ ನೀರಿಗೆ ಇಳಿಯಬಾರದು.

ಇನ್ನು ಮೈ ತಯಾರಿ. ಊರಿನ ಈಜುಕೊಳದಲ್ಲಿ ಎರಡು ವಾರ ಮೂಗು ಮುಚ್ಚಿ ಬಾಯಲ್ಲೇ ಉಸಿರಾಡುವ ಅಭ್ಯಾಸ ಮಾಡಿದೆವು. ನೋಡಿದ ಚಿಕ್ಕ ಮಕ್ಕಳು ನಕ್ಕವು. ಕೆಳಗಿಳಿಯುವಾಗ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿಯ ಒತ್ತಡ ಸರಿ ಮಾಡಿಕೊಳ್ಳಬೇಕು, ನೋವು ಶುರುವಾಗುವ ಮುಂಚೆಯೇ, ಮತ್ತೆ ಮತ್ತೆ. ನೆಗಡಿ ಇದ್ದರೆ ಇದು ಆಗುವುದಿಲ್ಲ. ಮೂಗಿನ ಡ್ರಾಪ್ಸ್ ಹಾಕಿ ಇಳಿದು, ನೀರೊಳಗೆ ಅದರ ಪರಿಣಾಮ ಇಳಿದರೆ ಮೇಲೆ ಬರುವಾಗ ಇನ್ನೂ ಕಷ್ಟ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಪವರ್ ಇರುವ ಮಾಸ್ಕ್ ಸಿಗುತ್ತದಾ ಅಂತ ಮುಂಚೆಯೇ ಕೇಳಿ. ಮೀಸೆಯ ಸಂದಿಯಲ್ಲಿ ನೀರು ಒಳಗೆ ಬರುತ್ತದೆ. ನಮ್ಮಲ್ಲೊಬ್ಬ ಪ್ರಥಮ ಪಿಯುಸಿಯಿಂದ ಸಾಕಿದ ಮೀಸೆಯನ್ನು ಇದಕ್ಕಾಗಿ ತ್ಯಾಗ ಮಾಡಿದ. ಇನ್ನೊಂದು ಮುಖ್ಯ: ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತಲ್ಲ, ‘ನಾನು ಮೇಲೆ ಹೋಗಬೇಕು’ ಅಂತ. ಎಲ್ಲ ಸರಿ ಅನ್ನೋಕೆ ಬೆರಳಲ್ಲಿ ಸೊನ್ನೆ ಮಾಡಿ ತೋರಿಸಬೇಕು.

ಈಗ ಆ ಇಲ್ಲದ ಸಾಲಿಗೆ ಬರೋಣ. ನಮ್ಮ ಗೆಳೆಯನೊಬ್ಬ ತನ್ನ ಹೆಸರು ಬರೆಯಬೇಡಿ ಅಂದಿದ್ದಾನೆ. ಬರೆದಿದ್ದನ್ನು ಓದಿ, ಹೆಸರು ಬಿಟ್ಟು ಉಳಿದದ್ದೆಲ್ಲ ಹಾಕಿ ಅಂತಲೂ ಅವನೇ ಹೇಳಿದ್ದಾನೆ.

ಹೊರಡುವುದಕ್ಕೆ ಒಂದು ತಿಂಗಳಿರುವಾಗ ಡೈವಿಂಗ್ ಸೆಂಟರಿನವರು ಆರೋಗ್ಯದ ಫಾರ್ಮ್ ಕಳಿಸಿದ್ದರು. ಅಸ್ತಮಾ ಇದೆಯಾ, ಎದೆಯ ಆಪರೇಷನ್ ಆಗಿದೆಯಾ, ಮೂರ್ಛೆ ಬರುತ್ತದಾ, ಕಿವಿಯ ತೊಂದರೆ ಇದೆಯಾ, ಹೀಗೆ. ‘ಹೌದು’ ಅಂದರೆ ಡಾಕ್ಟರ್ ನೋಡಿ ಸಹಿ ಹಾಕಬೇಕು. ಲ್ಯಾಬ್ ರೆಕಾರ್ಡ್ ಬರೆದ ಹಾಗೇ ಬರೆದೆವು. ಒಬ್ಬ ಎಲ್ಲದಕ್ಕೂ ‘ಇಲ್ಲ’ ಅಂತ ತುಂಬಿದ, ಉಳಿದ ನಾಲ್ಕು ಕಾಪಿ. ಐದು ನಿಮಿಷದಲ್ಲಿ ಕೆಲಸ ಮುಗಿದು ಶೀಟಿನಲ್ಲಿ ಹಸಿರು ಬಣ್ಣ ಬಿತ್ತು.

ನಮ್ಮ ಗೆಳೆಯನ ತಲೆದಿಂಬಿನ ಕೆಳಗೆ ಇನ್‌ಹೇಲರ್ ಇರುತ್ತದೆ. ಪಕ್ಕದ ರೂಮಿನಲ್ಲಿ ಯಾರಾದರೂ ಅಗರಬತ್ತಿ ಹಚ್ಚಿದರೂ ಅವನಿಗೆ ಉಸಿರು ಕಟ್ಟುತ್ತದೆ. ಮೂರೂವರೆ ವರ್ಷದಿಂದ ನಮಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡಲಿಲ್ಲ. ಅವನಿಗೆ ಹೇಳಿದರೆ ಎಲ್ಲಿ ಬೇಡ ಅಂತಾರೋ ಅಂತ ಭಯ. ನಮಗೆ ಹೇಳಿದರೆ ಎಲ್ಲಿ ಅವನು ಬೇಜಾರಾಗ್ತಾನೋ ಅಂತ ಸಂಕೋಚ. ಗುಂಪಿನ ರಿಯಾಯಿತಿ ಐದು ಜನಕ್ಕೆ ಇತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಹ್ಯಾವ್‌ಲಾಕಿನಲ್ಲಿ ಡೈವಿನ ಹಿಂದಿನ ಸಂಜೆ ಬೋಧಕರು ನಮ್ಮನ್ನು ಕೂರಿಸಿಕೊಂಡು ಫಾರ್ಮಿನ ಪ್ರಶ್ನೆಗಳನ್ನು ಮತ್ತೆ ಒಂದೊಂದಾಗಿ ಓದಿದರು. ಅಸ್ತಮಾ ಬಂದಾಗ ಗೆಳೆಯ ನಮ್ಮ ಮುಖ ನೋಡಿದ. ನಾವು ಮರಳು ನೋಡಿದೆವು. ಅವನು ‘ಇಲ್ಲ ಸರ್’ ಅಂದ.

ಅವತ್ತು ರಾತ್ರಿ ರೂಮಿನ ಹಳೇ ಹೊದಿಕೆಯ ಮುಗ್ಗಲು ವಾಸನೆಗೋ ಏನೋ, ಹನ್ನೊಂದರ ಹೊತ್ತಿಗೆ ಇನ್‌ಹೇಲರಿನ ‘ಫುಸ್’ ಸದ್ದು ಕೇಳಿಸಿತು. ಎರಡು ಸಲ. ದೀಪ ಹಾಕಿದೆವು. ‘ಏನಾಗಲ್ಲ ಬಿಡ್ರೋ, ಬೆಳಗ್ಗೆ ಸರಿ ಹೋಗುತ್ತೆ, ದುಡ್ಡು ಬೇರೆ ಕಟ್ಟಾಗಿದೆ’ ಅಂದ. ಆಗ ನಮ್ಮಲ್ಲೊಬ್ಬ ಹಡಗಿನ ಟಿಕೆಟಿನ ಹಿಂದೆ ಪಿ1ವಿ1 = ಪಿ2ವಿ2 ಅಂತ ಗೀಚಿದ. ಬಾಯ್ಲ್‌ನ ನಿಯಮ, ಪಿಯುಸಿಯಲ್ಲಿ ಕಣ್ಣು ಮುಚ್ಚಿ ಬರೆದು ಮಾರ್ಕ್ಸ್ ತಗೊಂಡಿದ್ದು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ಎದೆಯಲ್ಲಿ 4 ಲೀಟರ್ ಗಾಳಿ ಸಿಕ್ಕಿಹಾಕಿಕೊಂಡು ಮೇಲೆ ಬಂದರೆ ಅದಕ್ಕೆ 8 ಲೀಟರ್ ಜಾಗ ಬೇಕು. ಅದಕ್ಕೇ ಸ್ಕೂಬಾದ ಮೊದಲ ನಿಯಮ, ಉಸಿರು ಹಿಡಿಯಬೇಡ. ಆದರೆ ಅಸ್ತಮಾದಲ್ಲಿ ಶ್ವಾಸನಾಳ ಬಿಗಿದರೆ, ನಾವು ಹಿಡಿಯದಿದ್ದರೂ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು. ಸಿಲಿಂಡರಿನ ಒಣ ಗಾಳಿಯೇ ಅದನ್ನು ಬಿಗಿಸಬಹುದು. ಟಿಕೆಟಿನ ಹಿಂದಿನ ಲೆಕ್ಕ ನೋಡುತ್ತಾ ಐವರೂ ಸುಮ್ಮನೆ ಕೂತೆವು. ಆಮೇಲೆ ಜಗಳ ಆಯಿತು, ಚೆನ್ನಾಗೇ ಆಯಿತು.

ಬೆಳಗ್ಗೆ ಅವನೇ ಹೋಗಿ ಹೇಳಿದ. ಬೋಧಕರು ಬೈಯಲಿಲ್ಲ. ‘ನನ್ನ ತಮ್ಮನಾಗಿದ್ದರೂ ಇವತ್ತು ಇಳಿಸುತ್ತಿರಲಿಲ್ಲ’ ಅಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ಈಗಲೂ ಚುಚ್ಚುತ್ತದೆ: ‘ಫಾರ್ಮ್ ಕಳಿಸಿ ಒಂದು ತಿಂಗಳಾಯ್ತಲ್ಲ, ಆಗಲೇ ಎದೆಯ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ?’ ಅಸ್ತಮಾ ಇದ್ದವರೆಲ್ಲರಿಗೂ ಸಾರಾಸಗಟಾಗಿ ಇಲ್ಲ ಅಂತಿಲ್ಲವಂತೆ. ಶ್ವಾಸಕೋಶದ ಪರೀಕ್ಷೆ ಮಾಡಿಸಿ, ಹತೋಟಿಯಲ್ಲಿದೆ ಅಂತ ಡಾಕ್ಟರ್ ಸಹಿ ಹಾಕಿದರೆ ಕೆಲವರು ಇಳಿಯುತ್ತಾರೆ. ಇನ್ನು ಕೆಲವರಿಗೆ ಬೇಡ ಅನ್ನುತ್ತಾರೆ. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಅವನಿಗೆ ಒಂದು ತಿಂಗಳಿತ್ತು. ಆ ಒಂದು ತಿಂಗಳನ್ನು ಐದು ಜನ ಸೇರಿ ಕಾಪಿ ಹೊಡೆದು ಹಾಳು ಮಾಡಿದ್ದೆವು.

ನಾಲ್ವರು ನೀಮೋ ರೀಫಿನಲ್ಲಿ ದಡದಿಂದಲೇ ಇಳಿದೆವು. ಹೊಸಬರಿಗೆ ಗರಿಷ್ಠ 12 ಮೀಟರ್, ನಾವು ಅದಕ್ಕೂ ಕಡಿಮೆ ಆಳದಲ್ಲೇ ಇದ್ದೆವು. ಕಿತ್ತಳೆ ಬಣ್ಣದ ಮೀನುಗಳು ಸಮುದ್ರಹೂವಿನ ಎಸಳುಗಳಿಂದ ಇಣುಕಿ ಮತ್ತೆ ಒಳಗೆ ಓಡುತ್ತಿದ್ದವು. ಕಿವಿಯಲ್ಲಿ ನಮ್ಮದೇ ಉಸಿರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಹವಳ ಅಂದ್ರೆ ಕಲ್ಲಲ್ಲ, ಸಾಸಿವೆಯಷ್ಟು ಸಣ್ಣ ಸಣ್ಣ ಜೀವಿಗಳು ಕಟ್ಟಿದ ಊರು ಅಂತ ಓದಿದ್ದೆವು. ಅಲ್ಲಲ್ಲಿ ಬಿಳಿಚಿದ, ಸತ್ತ ಹವಳವೂ ಇತ್ತು. 2010 ಮತ್ತು 2016ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ತುಂಬಾ ಬಿಳಿಚಿತ್ತು ಅಂತ ಬೋಧಕರು ಆಮೇಲೆ ಹೇಳಿದರು. ನಿಜ ಹೇಳಬೇಕೆಂದರೆ ಅಷ್ಟು ಚೆಂದದ್ದು ನಾವು ಇದುವರೆಗೆ ನೋಡಿಲ್ಲ. ಮೇಲೆ ಬಂದು ಮಾಸ್ಕ್ ತೆಗೆದಾಗ ದಡದಲ್ಲಿ ಅವನು ನಮ್ಮ ಐದೂ ಜೊತೆ ಚಪ್ಪಲಿ ಕಾಯುತ್ತಾ ಕೂತಿದ್ದ.

ಅವನು ಎರಡು ದಿನ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಇಳಿತದ ಹೊತ್ತಿನಲ್ಲಿ ಒಬ್ಬನೇ ಹೋಗಿ, ಕಲ್ಲುಗುಂಡಿಗಳಲ್ಲಿ ನಿಂತ ನೀರಿನಲ್ಲಿ ಸಮುದ್ರಸೌತೆ, ಶಂಖ ಹೊತ್ತು ಓಡಾಡುವ ಏಡಿ ಎಲ್ಲ ನೋಡಿ ಬಂದು ಫೋಟೋ ತೋರಿಸಿದ. ಮಾರನೇ ದಿನ ನಮ್ಮನ್ನೂ ಐದೂವರೆಗೇ ಎಬ್ಬಿಸಿ ಕರೆದುಕೊಂಡು ಹೋದ. ಅಷ್ಟರಿಂದ ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ.

ವಾಪಸ್ ಬಂದ ಮೇಲೆ ಅವನು ಡಾಕ್ಟರನ್ನು ನೋಡಿದ. ನಾಲ್ವರೂ ಜೊತೆಗೆ ಹೋದೆವು. ಸದ್ಯಕ್ಕೆ ಡೈವಿಂಗ್ ಬೇಡ, ಔಷಧಿ ಸರಿಯಾಗಿ ತಗೋ, ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡೋಣ ಅಂದಿದ್ದಾರೆ. ಆಗಲೂ ಬೇಡ ಅಂತಲೇ ಹೇಳಬಹುದು. ಸರಿ ಅಂದರೆ ನಮ್ಮ ಮುರ್ಡೇಶ್ವರದ ನೇತ್ರಾಣಿ ಇದ್ದೇ ಇದೆ, ಮಳೆಗಾಲ ಮುಗಿದ ಮೇಲೆ ಐದು ಜನವೂ ಹೋಗುವ ಮಾತಾಗಿದೆ. ಅಲ್ಲೂ ಇಂಥದ್ದೇ ಫಾರ್ಮ್ ತುಂಬಬೇಕು.

ಶೀಟು ಈಗ 44 ಸಾಲು. ಹೊಸ ಸಾಲನ್ನು ಎಲ್ಲಕ್ಕಿಂತ ಮೇಲೆ ಸೇರಿಸಿದ್ದೇವೆ: ‘ಆರೋಗ್ಯದ ಫಾರ್ಮ್. ಟಿಕೆಟ್ ಮಾಡುವ ಮುಂಚೆ. ಒಬ್ಬೊಬ್ಬರೇ ಕೂತು ತುಂಬುವುದು. ನಿಜ ಬರೆಯುವುದು. ಗೆಳೆಯ ಮರೆತಿದ್ದರೆ ನೆನಪಿಸುವುದು.’ ಶೀಟು ಬೇಕಾದವರು ನಮ್ಮ ಕನ್ನಡ ಸಂಘದ ಗುಂಪಿನಲ್ಲಿ ಕೇಳಿ, ಕಳಿಸುತ್ತೇವೆ. ಮೊದಲ ಸಾಲನ್ನು ಮಾತ್ರ ಡಿಲೀಟ್ ಮಾಡಬೇಡಿ.